ವರ್ಲ್ಡ್‌ಸ್ಪೇಸ್: ದಿವಾಳಿಯಾದ ಉಪಗ್ರಹ ರೇಡಿಯೊ ಮತ್ತು ಅದರ ವಾಹಿನಿಗಳ ಹಕ್ಕು

2009ರ ಡಿಸೆಂಬರ್ 31ರಂದು ಭಾರತದಲ್ಲಿ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊ ಸೇವೆ ಕೊನೆಗೊಂಡಿತು. 'ಸ್ಪರ್ಶ' ಎಂಬ ಹೆಸರಿನ ಕನ್ನಡ ವಾಹಿನಿಯೂ ಸೇರಿದಂತೆ ತಮಿಳು, ತೆಲುಗು, ಮಲಯಾಳ, ಹಿಂದಿ ವಾಹಿನಿಗಳು, ಕರ್ನಾಟಕ ಸಂಗೀತಕ್ಕೆಂದೇ ಮೀಸಲಾಗಿದ್ದ 'ಶ್ರುತಿ', ಹಿಂದೂಸ್ತಾನಿ ಸಂಗೀತದ 'ಗಾಂಧರ್ವ' ಎಲ್ಲವೂ ಒಟ್ಟಿಗೆ ನಿಂತವು. ಇದಕ್ಕೆ ಯಾವ ತಾಂತ್ರಿಕ ದೋಷವೂ ಕಾರಣವಾಗಿರಲಿಲ್ಲ. ಏಷ್ಯಾಸ್ಟಾರ್ ಉಪಗ್ರಹ ಭೂಮಧ್ಯರೇಖೆಯ ಮೇಲೆ ತನ್ನ ಜಾಗದಲ್ಲೇ ಇತ್ತು. ಮನೆಗಳಲ್ಲಿದ್ದ ರೇಡಿಯೊ ಪೆಟ್ಟಿಗೆಗಳೂ ಕೆಟ್ಟಿರಲಿಲ್ಲ. ಹಾಡುಗಳೂ ಎಲ್ಲಿಗೂ ಹೋಗಿರಲಿಲ್ಲ. ಕೆಟ್ಟಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಮಾತೃಸಂಸ್ಥೆಯ ಲೆಕ್ಕಪುಸ್ತಕ.

ಉಪಗ್ರಹವೊಂದು ನಿಷ್ಕ್ರಿಯವಾಗುವುದಕ್ಕೆ ಇಂಧನ ಮುಗಿಯುವುದು, ಸೌರಫಲಕ ಹಾಳಾಗುವುದು, ಸೌರಜ್ವಾಲೆಯ ಹೊಡೆತ ಇವೇ ಕಾರಣಗಳೆಂದು ನಾವು ಪಾಠ ಹೇಳುತ್ತೇವೆ. ಸಾಲವೂ ಒಂದು ಕಾರಣವಾಗಬಲ್ಲದೆಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಪ್ರಸಾರವೆಂಬ ವ್ಯವಸ್ಥೆಯಲ್ಲಿ ಯಂತ್ರ ಯಾವುದು, ಹಕ್ಕು ಯಾವುದು, ಇವೆರಡರಲ್ಲಿ ಯಾವುದು ಯಾರದು ಎಂಬುದು ದಿವಾಳಿಯ ಹೊತ್ತಿನಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆ ಸಮಯದಲ್ಲಿ ತಿಳಿಯುವುದಿಲ್ಲ. ಹೀಗಾಗಿ ವರ್ಲ್ಡ್‌ಸ್ಪೇಸ್‌ನ ಇತಿಹಾಸ ವಿಜ್ಞಾನದ ವಿದ್ಯಾರ್ಥಿಗಳಿಗೂ ಉಪಯುಕ್ತ.

ಆಫ್ರಿಕಕ್ಕಾಗಿ ಹುಟ್ಟಿದ ಯೋಜನೆ

ವರ್ಲ್ಡ್‌ಸ್ಪೇಸ್ ಸಂಸ್ಥೆಯನ್ನು 1990ರಲ್ಲಿ ಸ್ಥಾಪಿಸಿದವರು ನೋವಾ ಸಮಾರ. ಇಥಿಯೋಪಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಾನೂನು ಓದಿದ ಇವರು ಉಪಗ್ರಹ ಸಂಪರ್ಕದ ಕ್ಷೇತ್ರದಲ್ಲಿ ದುಡಿದಿದ್ದರು. ಆಫ್ರಿಕದಲ್ಲಿ ಏಡ್ಸ್ ಹರಡುತ್ತಿದ್ದ ಕಾಲ ಅದು. ರೋಗದ ಬಗೆಗಿನ ಸರಳ ಮಾಹಿತಿಯೂ ಹಳ್ಳಿಗಳಿಗೆ ತಲುಪುತ್ತಿಲ್ಲ, ತಲುಪಿಸಲು ರಸ್ತೆ, ಪತ್ರಿಕೆ, ದೂರವಾಣಿ ಯಾವುದೂ ಸಾಲದು, ಆಕಾಶದಿಂದ ನೇರವಾಗಿ ಕಿವಿಗೇ ತಲುಪಿಸಬೇಕು ಎಂಬ ಯೋಚನೆಯೇ ಸಂಸ್ಥೆಯ ಮೂಲ. ಶಾರ್ಟ್‌ವೇವ್ ಪ್ರಸಾರ ದೂರ ಹೋಗುತ್ತಿತ್ತಾದರೂ ಅಯಾನುಗೋಲದ ಚಂಚಲತೆಯಿಂದ ಧ್ವನಿ ಏರಿಳಿಯುತ್ತಿತ್ತು. ಎಫ್.ಎಂ. ಸ್ವಚ್ಛವಾಗಿ ಕೇಳಿದರೂ ಐವತ್ತು ಅರವತ್ತು ಕಿಲೋಮೀಟರ್ ಆಚೆಗೆ ಇರುವುದಿಲ್ಲ. ಇವೆರಡರ ಒಳ್ಳೆಯ ಗುಣಗಳನ್ನು ಸೇರಿಸುವುದು ಉಪಗ್ರಹದಿಂದ ಸಾಧ್ಯವಿತ್ತು.

ಇದಕ್ಕೆ ಮೊದಲು ಬೇಕಾದದ್ದು ರೇಡಿಯೊ ಆವೃತ್ತಿ. 1992ರಲ್ಲಿ ಸ್ಪೇನ್ ದೇಶದ ಟೊರೆಮೊಲಿನೋಸ್‌ನಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನವು 1452ರಿಂದ 1492 ಮೆಗಾಹರ್ಟ್ಸ್‌ವರೆಗಿನ ಎಲ್-ಬ್ಯಾಂಡ್ ತುಂಡನ್ನು ಉಪಗ್ರಹದ ಮೂಲಕ ಧ್ವನಿ ಪ್ರಸಾರಕ್ಕೆ ಮೀಸಲಿಟ್ಟಿತು. ಅಮೆರಿಕ ಮಾತ್ರ ತನ್ನ ನೆಲದಲ್ಲಿ ಬೇರೆ ಆವೃತ್ತಿಯನ್ನು, 2310ರಿಂದ 2360 ಮೆಗಾಹರ್ಟ್ಸ್ ನಡುವಣ ಎಸ್-ಬ್ಯಾಂಡನ್ನು, ಆರಿಸಿಕೊಂಡಿತು. ಈ ವ್ಯತ್ಯಾಸದಿಂದಾಗಿಯೇ ಅಮೆರಿಕದ ಉಪಗ್ರಹ ರೇಡಿಯೊಗಳಾದ ಎಕ್ಸ್‌ಎಂ ಮತ್ತು ಸಿರಿಯಸ್ ಒಂದು ಕವಲಾಗಿಯೂ ವರ್ಲ್ಡ್‌ಸ್ಪೇಸ್ ಇನ್ನೊಂದು ಕವಲಾಗಿಯೂ ಬೆಳೆದವು. ಎಕ್ಸ್‌ಎಂ ಹುಟ್ಟಿದ್ದರಲ್ಲಿ ವರ್ಲ್ಡ್‌ಸ್ಪೇಸ್‌ನ ಪಾಲೂ ಇತ್ತು. ಆ ಪಾಲನ್ನು ಅದು 1999ರಲ್ಲಿ ಬಿಟ್ಟುಕೊಟ್ಟಿತು. ಬಡ ದೇಶಗಳಿಗೆಂದು ಹುಟ್ಟಿದ ಸಂಸ್ಥೆ ಶ್ರೀಮಂತ ಮಾರುಕಟ್ಟೆಯ ಪಾಲನ್ನು ಮಾರಿ, ಕೊಳ್ಳುವ ಶಕ್ತಿ ಕಡಿಮೆಯಿರುವ ಮಾರುಕಟ್ಟೆಯನ್ನು ಉಳಿಸಿಕೊಂಡಿತು. ಮುಂದಿನ ಕಥೆಯ ಅರ್ಧ ಭಾಗ ಇದರಲ್ಲೇ ಇದೆ ಎನ್ನಬಹುದು.

1998ರ ಅಕ್ಟೋಬರ್ 28ರಂದು ಆಫ್ರಿಸ್ಟಾರ್, 2000ದ ಮಾರ್ಚ್ 21ರಂದು ಏಷ್ಯಾಸ್ಟಾರ್ ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಏರಿಯಾನ್ ರಾಕೆಟ್‌ಗಳಲ್ಲಿ ಹಾರಿದವು. ಮೊದಲನೆಯದು 21 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಎರಡನೆಯದು 105 ಡಿಗ್ರಿ ಪೂರ್ವದ ಮೇಲೆ ನೆಲೆಗೊಂಡವು. ಲ್ಯಾಟಿನ್ ಅಮೆರಿಕಕ್ಕೆಂದು ಯೋಜಿಸಿದ್ದ ಅಮೆರಿಸ್ಟಾರ್ ಕೊನೆಗೂ ಹಾರಲಿಲ್ಲ.

ಅಂಗೈಯಗಲದ ಆಂಟೆನಾ, 96 ಕಾಲುವೆಗಳು

ಪ್ರತಿ ಉಪಗ್ರಹವೂ ಮೂರು ಕಿರಣಪುಂಜಗಳನ್ನು ಭೂಮಿಯತ್ತ ಬೀರುತ್ತಿತ್ತು. ಒಂದೊಂದು ಕಿರಣಪುಂಜದಲ್ಲಿ ಎರಡು ವಾಹಕ ತರಂಗಗಳು. ಒಂದೊಂದು ವಾಹಕದಲ್ಲಿ ಸೆಕೆಂಡಿಗೆ 16 ಕಿಲೋಬಿಟ್ ಹೊರುವ 96 ಮೂಲ ಕಾಲುವೆಗಳು. ಲೆಕ್ಕ ಹಾಕಿ ನೋಡಿ: 96ನ್ನು 16ರಿಂದ ಗುಣಿಸಿದರೆ 1,536 ಕಿಲೋಬಿಟ್, ಎರಡು ವಾಹಕಗಳಿಗೆ 3,072 ಕಿಲೋಬಿಟ್. ಸಿ.ಡಿ.ಯಲ್ಲಿರುವ ಸ್ಟೀರಿಯೊ ಸಂಗೀತಕ್ಕೆ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎರಡು ಧ್ವನಿಪಥ. ಒಟ್ಟು ಸುಮಾರು 1,411 ಕಿಲೋಬಿಟ್ ಬೇಕು. ಅಂದರೆ ಸಂಕೋಚನವಿಲ್ಲದೆ ಕಳುಹಿಸಿದ್ದರೆ ಇಡೀ ಕಿರಣಪುಂಜದಲ್ಲಿ ಎರಡೇ ಎರಡು ವಾಹಿನಿಗಳು ಹಿಡಿಸುತ್ತಿದ್ದವು! ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧನೆಯಿಂದ ಹೆಸರಾದ, ನಾವೆಲ್ಲ ಎಂಪಿ3 ಎಂದು ಕರೆಯುವ ಪದ್ಧತಿ ಇಲ್ಲಿ ನೆರವಿಗೆ ಬಂತು. ಕಿವಿಗೆ ಹೇಗೂ ಕೇಳಿಸದ ಭಾಗವನ್ನು ತೆಗೆದುಹಾಕಿ, 64 ಕಿಲೋಬಿಟ್‌ನಲ್ಲಿ ಎಫ್.ಎಂ.ಗೆ ಹತ್ತಿರದ ಗುಣಮಟ್ಟವನ್ನು ಅದು ಕೊಡುತ್ತಿತ್ತು. ಈ ದರದಲ್ಲಿ ಒಂದು ಕಿರಣಪುಂಜಕ್ಕೆ 48 ವಾಹಿನಿಗಳು. ಸುದ್ದಿ, ಭಾಷಣಗಳಿಗೆ 16 ಅಥವಾ 32 ಕಿಲೋಬಿಟ್ ಸಾಕು. ಸಂಗೀತಕ್ಕೆ 64 ಅಥವಾ 128. ಯಾವ ವಾಹಿನಿಗೆ ಎಷ್ಟು ಕಾಲುವೆ ಎಂಬುದನ್ನು ಬೇಕಾದಂತೆ ಬದಲಿಸಬಹುದಿತ್ತು.

ಸುಮಾರು 1,480 ಮೆಗಾಹರ್ಟ್ಸ್ ಆವೃತ್ತಿಗೆ ತರಂಗದೂರ ಸುಮಾರು 20 ಸೆಂಟಿಮೀಟರ್. ಇದರಿಂದಾಗಿ ದೂರದರ್ಶನದ ತಟ್ಟೆಯಂಥ ದೊಡ್ಡ ಆಂಟೆನಾ ಬೇಕಿರಲಿಲ್ಲ. ಅಂಗೈಯಗಲದ ಚಪ್ಪಟೆ ಹಲಗೆಯೇ ಸಾಕಾಗುತ್ತಿತ್ತು. ಆದರೆ ಅದಕ್ಕೆ ಉಪಗ್ರಹ ಕಾಣಲೇಬೇಕು. ಬೆಂಗಳೂರಿನಿಂದ ನೋಡಿದರೆ ಏಷ್ಯಾಸ್ಟಾರ್ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿದ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 55 ಡಿಗ್ರಿ ಎತ್ತರದಲ್ಲಿತ್ತು. (ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ರೇಖಾಂಶ 77.6 ಡಿಗ್ರಿ ಎಂದಿಟ್ಟುಕೊಂಡು ಗೋಳೀಯ ತ್ರಿಕೋನಮಿತಿಯಿಂದ ಇದನ್ನು ಪಿ.ಯು. ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಆಫ್ರಿಸ್ಟಾರ್‌ಗೆ ಇದೇ ಲೆಕ್ಕ ಮಾಡಿದರೆ 24 ಡಿಗ್ರಿಯ ಆಸುಪಾಸು ಬರುತ್ತದೆ.) ಹೀಗಾಗಿ ಪೂರ್ವದ ಕಿಟಕಿ ಇದ್ದವರ ಮನೆಯಲ್ಲಿ ರೇಡಿಯೊ ಹಾಡುತ್ತಿತ್ತು, ಪಕ್ಕದಲ್ಲೇ ಎತ್ತರದ ಕಟ್ಟಡ ಎದ್ದಿದ್ದರೆ ತಾರಸಿಯಿಂದ ತಂತಿ ಎಳೆಯಬೇಕಾಗುತ್ತಿತ್ತು. ಓಡುವ ಕಾರಿನಲ್ಲಿ ಕೇಳುವುದಂತೂ ಕಷ್ಟ. ಅದಕ್ಕೆ ನಗರಗಳಲ್ಲಿ ನೆಲದ ಮೇಲಿನ ಮರುಪ್ರಸಾರ ಕೇಂದ್ರಗಳು ಬೇಕು. ಅಮೆರಿಕದಲ್ಲಿ ಎಕ್ಸ್‌ಎಂ ಇಂಥ ಕೇಂದ್ರಗಳನ್ನು ನೂರಾರು ಸಂಖ್ಯೆಯಲ್ಲಿ ನಿಲ್ಲಿಸಿತು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2005ರಲ್ಲಿ ಉಪಗ್ರಹ ರೇಡಿಯೊ ಕುರಿತು ಶಿಫಾರಸು ಮಾಡಿತಾದರೂ, ಸೇವೆ ನಿಲ್ಲುವವರೆಗೂ ಅಂಥ ಜಾಲ ಇಲ್ಲಿ ತಲೆಯೆತ್ತಲಿಲ್ಲ.

ಮೊದಮೊದಲು ಹಿಟಾಚಿ, ಜೆವಿಸಿ, ಪ್ಯಾನಾಸೋನಿಕ್, ಸ್ಯಾನ್ಯೊ ಕಂಪನಿಗಳು ಅಭಿಗ್ರಾಹಕಗಳನ್ನು ತಯಾರಿಸಿದವು. ಪ್ರತಿ ಪೆಟ್ಟಿಗೆಗೂ ತನ್ನದೇ ಗುರುತಿನ ಸಂಖ್ಯೆ. ಆರಂಭದಲ್ಲಿ ಪ್ರಸಾರ ಉಚಿತವಾಗಿತ್ತು. ನಂತರ ಅದನ್ನು ಗೂಢಲಿಪಿಗೆ ಒಳಪಡಿಸಿ, ಚಂದಾ ಕಟ್ಟಿದ ಪೆಟ್ಟಿಗೆಗಷ್ಟೇ ಬೀಗ ತೆರೆಯುವ ಸಂಕೇತವನ್ನು ಉಪಗ್ರಹದ ಮೂಲಕ ಕಳುಹಿಸುವ ವ್ಯವಸ್ಥೆ ಬಂತು. ಇದನ್ನು ನೆನಪಿಡಿ. ಪೆಟ್ಟಿಗೆ ಗ್ರಾಹಕನದೇ ಆದರೂ ಅದನ್ನು ಮಾತನಾಡಿಸುವ ಕೀಲಿ ಕೈ ಬೇರೆಯವರ ಬಳಿ ಇತ್ತು.

ವಾಹಿನಿ ಯಾರದು?

ಕೇಳುಗನಿಗೆ ಎಲ್ಲ ವಾಹಿನಿಗಳೂ ಒಂದೇ ಗುಂಡಿಯ ಆಚೆಗಿರುತ್ತವೆ. ಹಕ್ಕಿನ ದೃಷ್ಟಿಯಿಂದ ಅವು ಒಂದೇ ಜಾತಿಯವಲ್ಲ. ಬಿಬಿಸಿ ವಿಶ್ವಸೇವೆ, ಸಿಎನ್‌ಎನ್ ಮುಂತಾದವು ತಮ್ಮದೇ ಕಾರ್ಯಕ್ರಮವನ್ನು ತಾವೇ ತಯಾರಿಸಿ ಉಪಗ್ರಹದಲ್ಲಿ ಜಾಗವನ್ನಷ್ಟೇ ಪಡೆದಿದ್ದವು. ಪುಟ್ಟಪರ್ತಿಯಿಂದ 2001ರಲ್ಲಿ ಆರಂಭವಾದ ರೇಡಿಯೊ ಸಾಯಿ ಕೂಡ ಹಾಗೆಯೇ. ಇಲ್ಲಿ ಉಪಗ್ರಹದ ಸಂಸ್ಥೆ ಬಾಡಿಗೆ ಲಾರಿಯ ಮಾಲೀಕನಿದ್ದಂತೆ, ಸರಕು ಬೇರೆಯವರದು. ಲಾರಿ ನಿಂತರೆ ಸರಕನ್ನು ಇಳಿಸಿಕೊಂಡು ಬೇರೆ ಲಾರಿಗೆ ಏರಿಸಬಹುದು. ರೇಡಿಯೊ ಸಾಯಿ ಮುಂದೆ ಅಂತರಜಾಲದಲ್ಲಿ ಮುಂದುವರಿದದ್ದು ಹೀಗೆ.

'ಸ್ಪರ್ಶ', 'ಶ್ರುತಿ', 'ಗಾಂಧರ್ವ' ಮೊದಲಾದವುಗಳ ಸಂಗತಿ ಬೇರೆ. ಇವು ವರ್ಲ್ಡ್‌ಸ್ಪೇಸ್‌ನ ಸ್ವಂತ ವಾಹಿನಿಗಳು. ಸಂಸ್ಥೆಯ ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲಿತ್ತು. ಯಾವ ಹಾಡಿನ ನಂತರ ಯಾವ ಹಾಡು, ನಡುವೆ ಏನು ಮಾತು ಎಂಬ ಆಯ್ಕೆ ಸಂಸ್ಥೆಯ ಸಿಬ್ಬಂದಿಯದು. ಆದರೆ ಹಾಡು ಸಂಸ್ಥೆಯದಲ್ಲ! ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಚಿತ್ರಗೀತೆಯಲ್ಲಿ ಕನಿಷ್ಠ ಮೂರು ಹಕ್ಕುಗಳು ಅಡಗಿವೆ: ಸಾಹಿತ್ಯದ್ದು, ರಾಗಸಂಯೋಜನೆಯದು, ಧ್ವನಿಮುದ್ರಣದ್ದು. ಮೊದಲೆರಡನ್ನು ಐಪಿಆರ್‌ಎಸ್, ಮೂರನೆಯದನ್ನು ಪಿಪಿಎಲ್ ಎಂಬ ಸಂಸ್ಥೆಗಳು ತಮ್ಮ ಸದಸ್ಯರ ಪರವಾಗಿ ನೋಡಿಕೊಳ್ಳುತ್ತಿದ್ದವು. ಕೆಲವು ಕಂಪನಿಗಳೊಂದಿಗೆ ನೇರವಾಗಿಯೇ ವ್ಯವಹರಿಸಬೇಕಿತ್ತು. ಪ್ರಸಾರಕನಿಗೆ ಸಿಗುವುದು ಪರವಾನಗಿ ಮಾತ್ರ, ಅದೂ ಅವಧಿಗೆ, ಮಾಧ್ಯಮಕ್ಕೆ, ಪ್ರದೇಶಕ್ಕೆ ಕಟ್ಟುಬಿದ್ದದ್ದು. ಕಿರಣಪುಂಜಕ್ಕೆ ದೇಶದ ಗಡಿ ಗೊತ್ತಿಲ್ಲ, ಪರವಾನಗಿಗೆ ಗೊತ್ತು. ಉಪಗ್ರಹ ಪ್ರಸಾರದಲ್ಲಿ ಇದು ಯಾವಾಗಲೂ ಇರುವ ತಲೆನೋವು.

ಲೆಕ್ಕ ತಪ್ಪಿದ್ದು

ಎರಡು ಉಪಗ್ರಹ, ರಾಕೆಟ್, ಭೂಕೇಂದ್ರ, ಅಭಿಗ್ರಾಹಕದ ಚಿಪ್ಪಿನ ವಿನ್ಯಾಸ ಇವೆಲ್ಲದರ ಖರ್ಚೂ ಮೊದಲ ಕೇಳುಗ ಬರುವ ಮುನ್ನವೇ ಆಗಬೇಕು. ಒಬ್ಬ ಕೇಳುಗನಿದ್ದರೂ ಒಂದು ಕೋಟಿ ಕೇಳುಗರಿದ್ದರೂ ಉಪಗ್ರಹದ ಖರ್ಚು ಒಂದೇ. ಕೇಳುಗರು ಹೆಚ್ಚಿದಂತೆ ಲಾಭ ಹಿಗ್ಗುವ, ಹೆಚ್ಚದಿದ್ದರೆ ನಷ್ಟ ಕುಗ್ಗದ ವ್ಯಾಪಾರವಿದು. 2004ರ ಕೊನೆಯಲ್ಲಿ ಸಂಸ್ಥೆ ತನ್ನ ಹಳೆಯ ಸಾಲದ ಬಹುಭಾಗವನ್ನು, ಮುಂದೆ ಲಾಭ ಬಂದರೆ ಅದರಲ್ಲಿ ಪಾಲು ಕೊಡುವ ಕರಾರಾಗಿ ಪರಿವರ್ತಿಸಿಕೊಂಡಿತು. 2005ರ ಆಗಸ್ಟ್‌ನಲ್ಲಿ ನ್ಯಾಸ್‌ಡ್ಯಾಕ್ ಷೇರುಪೇಟೆಯಲ್ಲಿ ಒಂದು ಷೇರಿಗೆ 21 ಡಾಲರ್‌ನಂತೆ ಹಣ ಎತ್ತಿತು. ಎಕ್ಸ್‌ಎಂ ಸಂಸ್ಥೆಯೂ 2.5 ಕೋಟಿ ಡಾಲರ್ ತೊಡಗಿಸಿತು. ಈ ಹಣದಲ್ಲಿ ಸಂಸ್ಥೆ ಮುಖ್ಯವಾಗಿ ಭಾರತದ ಮೇಲೆ ಕಣ್ಣಿಟ್ಟಿತು. ಎ.ಆರ್. ರೆಹಮಾನ್ ಪ್ರಚಾರ ರಾಯಭಾರಿಯಾದರು. ಚಂದಾದಾರರಲ್ಲಿ ಬಹುಪಾಲು ಭಾರತೀಯರೇ ಆದರು.

ಆದರೆ ಅದೇ ವೇಳೆಗೆ ಭಾರತದಲ್ಲಿ ಎಫ್.ಎಂ. ಹರಡುತ್ತಿತ್ತು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಎಫ್.ಎಂ.ಗೆ ಚಂದಾ ಇಲ್ಲ, ಕಿಟಕಿ ಬೇಕಿಲ್ಲ, ಮೊಬೈಲ್ ಫೋನಿನಲ್ಲೇ ಕೇಳಬಹುದು. ಜಾಹೀರಾತಿಲ್ಲದ ಶಾಸ್ತ್ರೀಯ ಸಂಗೀತವನ್ನು ದಿನದ 24 ಗಂಟೆ ಕೇಳಬಯಸುವವರು ವರ್ಲ್ಡ್‌ಸ್ಪೇಸ್‌ಗೆ ಬಂದರು, ಬಂದವರು ಅದನ್ನು ಬಹಳ ಮೆಚ್ಚಿದರು. ಅಂಥವರ ಸಂಖ್ಯೆ ಎರಡು ಉಪಗ್ರಹಗಳನ್ನು ಸಾಕುವಷ್ಟಿರಲಿಲ್ಲ. 2008ರ ಅಕ್ಟೋಬರ್ 17ರಂದು ಸಂಸ್ಥೆ ಅಮೆರಿಕದ ಡೆಲವೇರ್ ದಿವಾಳಿ ನ್ಯಾಯಾಲಯದ ಮೊರೆಹೊಕ್ಕಿತು. ಅರ್ಜಿಯಲ್ಲಿ ತೋರಿಸಿದ ಆಸ್ತಿ ಸುಮಾರು 30.7 ಕೋಟಿ ಡಾಲರ್. ಸಾಲ ಸುಮಾರು 212 ಕೋಟಿ ಡಾಲರ್.

ದಿವಾಳಿ ಕಾನೂನಿನ ಒಳಗೆ

ನಮ್ಮಲ್ಲಿ 'ದಿವಾಳಿ' ಎಂದರೆ ಅಂಗಡಿಗೆ ಬೀಗ ಬಿತ್ತೆಂದೇ ಅರ್ಥ. ಅಮೆರಿಕದ ದಿವಾಳಿ ಸಂಹಿತೆಯ 11ನೆಯ ಅಧ್ಯಾಯ ಹಾಗಲ್ಲ. ಅರ್ಜಿ ಹಾಕಿದ ಕ್ಷಣದಿಂದ ಸಾಲ ವಸೂಲಿಗೆ ತಡೆ ಬೀಳುತ್ತದೆ. ಹಳೆಯ ಆಡಳಿತವೇ ವ್ಯವಹಾರ ನಡೆಸುತ್ತಾ ಪುನಾರಚನೆಗೋ ಮಾರಾಟಕ್ಕೋ ಯತ್ನಿಸುತ್ತದೆ. ಆದುದರಿಂದಲೇ 2008ರ ಅಕ್ಟೋಬರ್‌ನಲ್ಲಿ ದಿವಾಳಿ ಘೋಷಿಸಿದ ಸಂಸ್ಥೆಯ ಹಾಡು 2009ರ ಡಿಸೆಂಬರ್‌ವರೆಗೆ ಕೇಳುತ್ತಲೇ ಇತ್ತು.

ಈ ನಡುಗಾಲದಲ್ಲಿ ಕರಾರುಗಳ ಗತಿ ಏನು? ಎರಡೂ ಕಡೆಯವರು ಇನ್ನೂ ಏನಾದರೂ ಮಾಡಬೇಕಾಗಿರುವ ಕರಾರುಗಳನ್ನು ಸಂಹಿತೆಯ 365ನೆಯ ವಿಧಿ ಪ್ರತ್ಯೇಕವಾಗಿ ನೋಡುತ್ತದೆ. ಉಪಗ್ರಹದಲ್ಲಿ ಜಾಗ ಕೊಡುವ ಒಪ್ಪಂದ, ಸಂಗೀತದ ಪರವಾನಗಿ, ನಿರೂಪಕರ ಕೆಲಸದ ಕರಾರು ಎಲ್ಲವೂ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ದಿವಾಳಿಯಾದ ಸಂಸ್ಥೆ ನ್ಯಾಯಾಲಯದ ಒಪ್ಪಿಗೆ ಪಡೆದು ಇಂಥ ಕರಾರನ್ನು ಮುಂದುವರಿಸಬಹುದು ಅಥವಾ ಕೈಬಿಡಬಹುದು. ಮುಂದುವರಿಸಬೇಕಾದರೆ ಹಳೆಯ ಬಾಕಿಯನ್ನು ತೀರಿಸಬೇಕು. ಕೈಬಿಟ್ಟರೆ ಎದುರಿನವರಿಗೆ ನಷ್ಟಪರಿಹಾರ ಕೇಳುವ ಹಕ್ಕು ಉಂಟು, ಆದರೆ ಭದ್ರತೆಯಿಲ್ಲದ ಸಾಲಿಗರ ಸಾಲಿನಲ್ಲಿ ನಿಲ್ಲಬೇಕು. ಡಾಲರಿಗೆ ಕೆಲವೇ ಸೆಂಟು ಸಿಗುವ ಸಾಲು ಅದು. 'ನೀನು ದಿವಾಳಿಯಾದರೆ ಕರಾರು ತಾನಾಗಿ ರದ್ದು' ಎಂಬ ಷರತ್ತು ಬರೆದಿದ್ದರೂ ಅದು ಸಾಮಾನ್ಯವಾಗಿ ನಡೆಯುವುದಿಲ್ಲ.

ಆದರೆ ಕೃತಿಸ್ವಾಮ್ಯದ ಪರವಾನಗಿಗೆ ಇಲ್ಲೊಂದು ತೊಡಕಿದೆ. ಅನೇಕರಿಗೆ ಒಂದೇ ಕಾಲಕ್ಕೆ ಕೊಡುವ, ಏಕಸ್ವಾಮ್ಯವಲ್ಲದ ಪರವಾನಗಿಯನ್ನು ಅಮೆರಿಕದ ನ್ಯಾಯಾಲಯಗಳು ವ್ಯಕ್ತಿಗೆ ಅಂಟಿಕೊಂಡ ಅನುಮತಿಯೆಂದು ಪರಿಗಣಿಸುತ್ತವೆ. ಹಕ್ಕುದಾರನ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ವರ್ಗಾಯಿಸಲಾಗದು. ಹಾಗೆ ವರ್ಗಾಯಿಸಲಾಗದ ಕರಾರನ್ನು ದಿವಾಳಿಯಾದವನು ತಾನೇ ಮುಂದುವರಿಸಬಹುದೇ? ಮಾರುವ ಉದ್ದೇಶವೇ ಇಲ್ಲದಿದ್ದರೂ ಆಗದು ಎಂಬುದು ಕೆಲವು ಪ್ರಾಂತಗಳ ಮೇಲ್ಮನವಿ ನ್ಯಾಯಾಲಯಗಳ ನಿಲುವು. ಡೆಲವೇರ್ ಇರುವ ಮೂರನೆಯ ಪ್ರಾಂತ ಅವುಗಳಲ್ಲೊಂದು. ಈ ನಿಲುವು ಅಲ್ಲಿ ರೂಪುಗೊಂಡದ್ದು 1988ರಲ್ಲಿ, ವೆಸ್ಟ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಯ ಪ್ರಕರಣದಲ್ಲಿ. ಆ ಕಂಪನಿ ಅಮೆರಿಕದ ವಾಯುಪಡೆಗೆ ಕ್ಷಿಪಣಿ ಉಡಾವಣಾ ಸಾಧನದ ವಿದ್ಯುತ್ ಘಟಕಗಳನ್ನು ತಯಾರಿಸಿಕೊಡುತ್ತಿತ್ತು. ಕ್ಷಿಪಣಿಯ ಬಿಡಿಭಾಗಕ್ಕೆ ಹೇಳಿದ ನ್ಯಾಯ ಮುಂದೆ ತಂತ್ರಾಂಶ, ಪೇಟೆಂಟ್, ಸಂಗೀತಗಳ ಪರವಾನಗಿಗೂ ಅನ್ವಯವಾಗುವಂತಾಯಿತು. ಪರಿಣಾಮ ಸರಳವಾಗಿದೆ: ಉಪಗ್ರಹವನ್ನು ಹರಾಜಿನಲ್ಲಿ ಕೊಂಡವನಿಗೆ ಅದರಲ್ಲಿ ಹರಿಯುತ್ತಿದ್ದ ಹಾಡುಗಳ ಅನುಮತಿ ತಾನಾಗಿ ಬರುವುದಿಲ್ಲ. ಹೊಸದಾಗಿ ಮಾತುಕತೆ ನಡೆಸಬೇಕು. ಹಕ್ಕುದಾರರು ಹಳೆಯ ಬಾಕಿಯನ್ನೂ ಆಗಲೇ ಎತ್ತುತ್ತಾರೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಅನುಮತಿ ಕೊಟ್ಟವನೇ ದಿವಾಳಿಯಾದರೆ? 1985ರಲ್ಲಿ ಲೂಬ್ರಿಝೋಲ್ ಎಂಬ ಕಂಪನಿಯ ಪ್ರಕರಣದಲ್ಲಿ, ಪರವಾನಗಿ ಪಡೆದವನು ಅದನ್ನು ಕಳೆದುಕೊಳ್ಳಬೇಕಾಗುತ್ತದೆಂಬ ತೀರ್ಪು ಬಂದು ಉದ್ಯಮವಲಯ ಗಾಬರಿಯಾಯಿತು. 1988ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನು ತಿದ್ದಿ, ಪೇಟೆಂಟ್ ಮತ್ತು ಕೃತಿಸ್ವಾಮ್ಯದ ಪರವಾನಗಿ ಪಡೆದವನು ಶುಲ್ಕ ಕಟ್ಟುತ್ತಾ ಬಳಕೆಯನ್ನು ಮುಂದುವರಿಸಬಹುದೆಂದು ಹೇಳಿತು. ಹೀಗಾಗಿ ಧ್ವನಿಮುದ್ರಣ ಕಂಪನಿ ಮುಳುಗಿದರೆ ರೇಡಿಯೊ ಬದುಕಬಹುದು. ರೇಡಿಯೊ ಮುಳುಗಿದರೆ ಅದರ ಪರವಾನಗಿ ಬದುಕುವುದು ಕಷ್ಟ.

ರೇಡಿಯೊ ಆವೃತ್ತಿಯ ವಿಷಯವೂ ವಿಚಿತ್ರವೇ. ಅದು ದೇಶಗಳಿಗೆ ಸೇರಿದ್ದು, ಕಂಪನಿಗೆ ಸಿಗುವುದು ಬಳಕೆಯ ಲೈಸೆನ್ಸ್. ನೆಕ್ಸ್ಟ್‌ವೇವ್ ಎಂಬ ಮೊಬೈಲ್ ಕಂಪನಿ ದಿವಾಳಿಯಾಗಿ ಕಂತು ಕಟ್ಟದಿದ್ದಾಗ ಅಮೆರಿಕದ ಸಂಪರ್ಕ ಆಯೋಗ ಲೈಸೆನ್ಸ್ ಕಿತ್ತುಕೊಂಡಿತು. ಸಾಲ ಕಟ್ಟಲಿಲ್ಲವೆಂಬ ಒಂದೇ ಕಾರಣಕ್ಕೆ ಹಾಗೆ ಮಾಡುವಂತಿಲ್ಲವೆಂದು 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸ್ವತ್ತಲ್ಲದ ಲೈಸೆನ್ಸಿಗೆ ಇದ್ದ ರಕ್ಷಣೆ, ವಾಹಿನಿಯ ಜೀವವಾದ ಹಾಡಿನ ಪರವಾನಗಿಗೆ ಇಲ್ಲದೆಹೋಯಿತು.

ಅಮೆರಿಕದ ಸೋದರರು ಉಳಿದ ಬಗೆ

ಹೋಲಿಕೆಗೆ ಎಕ್ಸ್‌ಎಂ ಮತ್ತು ಸಿರಿಯಸ್‌ಗಳನ್ನು ನೋಡೋಣ. ಎಕ್ಸ್‌ಎಂ 2001ರ ಸೆಪ್ಟೆಂಬರ್‌ನಲ್ಲೂ ಸಿರಿಯಸ್ 2002ರಲ್ಲೂ ಸೇವೆ ಆರಂಭಿಸಿದವು. ಕೇಳುಗರನ್ನು ಸೆಳೆಯಲು ಇಬ್ಬರೂ ಕಾರ್ಯಕ್ರಮದ ಹಕ್ಕುಗಳಿಗೆ ಹಣ ಸುರಿದರು. ಮಾತುಗಾರ ಹೊವಾರ್ಡ್ ಸ್ಟರ್ನ್‌ಗೆ ಐದು ವರ್ಷಕ್ಕೆ 50 ಕೋಟಿ ಡಾಲರ್ ವೆಚ್ಚದ ಒಪ್ಪಂದವನ್ನು ಸಿರಿಯಸ್ 2004ರಲ್ಲಿ ಮಾಡಿಕೊಂಡಿತು. ಬೇಸ್‌ಬಾಲ್ ಪ್ರಸಾರಕ್ಕೆ 11 ವರ್ಷಕ್ಕೆ 65 ಕೋಟಿ ಡಾಲರ್‌ಗಳನ್ನು ಎಕ್ಸ್‌ಎಂ ಒಪ್ಪಿಕೊಂಡಿತು. ಉಪಗ್ರಹದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಹಕ್ಕುಗಳೇ ದುಬಾರಿಯಾದವು! 2008ರ ಜುಲೈನಲ್ಲಿ ಎರಡೂ ವಿಲೀನವಾಗಿ ಸಿರಿಯಸ್ ಎಕ್ಸ್‌ಎಂ ಆದವು. 2009ರ ಫೆಬ್ರವರಿ 17ರಂದು ತೀರಿಸಬೇಕಿದ್ದ ಸುಮಾರು 17.5 ಕೋಟಿ ಡಾಲರ್ ಸಾಲ ಕಟ್ಟಲಾಗದೆ ಅದೂ ದಿವಾಳಿಯ ಬಾಗಿಲಲ್ಲಿ ನಿಂತಿತ್ತು. ಜಾನ್ ಮಲೋನ್ ಅವರ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಟ್ಟು, ಬದಲಿಗೆ ಶೇ. 40ರಷ್ಟು ಒಡೆತನಕ್ಕೆ ದಾರಿ ಮಾಡಿಕೊಂಡು, ಅದನ್ನು ಉಳಿಸಿತು.

ಆಗ ದಿವಾಳಿಯಾಗಿದ್ದರೆ ಸ್ಟರ್ನ್ ಕರಾರಿನಂಥವು ದೊಡ್ಡ ಪ್ರಶ್ನೆಯಾಗುತ್ತಿದ್ದವು. ಆದರೆ ಸಂಗೀತದ ವಾಹಿನಿಗಳಿಗೆ ಅಷ್ಟು ಅಪಾಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ, ಅಮೆರಿಕದಲ್ಲಿ ಉಪಗ್ರಹ ರೇಡಿಯೊಗೆ ಧ್ವನಿಮುದ್ರಣ ಬಳಸುವ ಅನುಮತಿ ಕಾನೂನಿನಿಂದಲೇ ಸಿಗುತ್ತದೆ; ದರವನ್ನು ರಾಯಲ್ಟಿ ಮಂಡಳಿ ನಿಗದಿ ಮಾಡುತ್ತದೆ. 2007 ಮತ್ತು 2008ಕ್ಕೆ ಆದಾಯದ ಶೇ. 6, ಮುಂದೆ ಏರುತ್ತಾ 2012ಕ್ಕೆ ಶೇ. 8 ಎಂದು ಅದು ಗೊತ್ತುಪಡಿಸಿತ್ತು. ಹಣ ಕಟ್ಟಿದ ಯಾರಿಗೂ ಸಿಗುವ ಅನುಮತಿಯಾದ್ದರಿಂದ ಒಡೆಯ ಬದಲಾದರೂ ಹೊಸ ಒಡೆಯ ಅದನ್ನು ಪಡೆಯಬಹುದು. ಆಫ್ರಿಕ, ಏಷ್ಯಾಗಳ ಹತ್ತಾರು ದೇಶಗಳ ಮೇಲೆ ಪ್ರಸಾರ ಮಾಡುತ್ತಿದ್ದ ವರ್ಲ್ಡ್‌ಸ್ಪೇಸ್‌ಗೆ ಇಂಥ ಒಂದೇ ಬಾಗಿಲು ಇರಲಿಲ್ಲ.

ಅದೇ ಲಿಬರ್ಟಿ ಸಮೂಹ 2009ರಲ್ಲಿ ವರ್ಲ್ಡ್‌ಸ್ಪೇಸ್‌ನ ಸಾಲಗಳನ್ನೂ ಕೊಂಡು, ದಿವಾಳಿಯ ಅವಧಿಯ ಖರ್ಚಿಗೆ ಹಣ ಒದಗಿಸಿತು. ಆದರೆ ಕೊನೆಗೆ ಸಂಸ್ಥೆಯನ್ನು ಕೈಗೆತ್ತಿಕೊಳ್ಳಲಿಲ್ಲ.

ಯಾರಿಗೂ ಬೇಡವಾದ ಭಾಗ

2009ರ ಡಿಸೆಂಬರ್ ಕೊನೆಯ ವಾರದಲ್ಲಿ ಭಾರತದ ಚಂದಾದಾರರಿಗೆ ತಿಳಿಸಿದ ಕಾರಣ ಗಮನಾರ್ಹ: ಜಾಗತಿಕ ಆಸ್ತಿಯ ಬಹುಭಾಗವನ್ನು ಕೊಳ್ಳಬಹುದಾಗಿದ್ದವರು ಭಾರತದ ಚಂದಾ ಸೇವೆಗೆ ಸಂಬಂಧಿಸಿದ ಭಾಗವನ್ನು ಕೊಳ್ಳದಿರಲು ತೀರ್ಮಾನಿಸಿದ್ದರು. ಅತಿ ಹೆಚ್ಚು ಚಂದಾದಾರರಿದ್ದ ಭಾಗವೇ ಕೊಳ್ಳುವವನಿಗೆ ಬೇಡವಾಯಿತು. ಇದು ಮೇಲ್ನೋಟಕ್ಕೆ ವಿಚಿತ್ರವಾದರೂ ಲೆಕ್ಕ ಸರಿಯಾಗಿದೆ. ಉಪಗ್ರಹ ಮತ್ತು ಆವೃತ್ತಿಯ ಹಕ್ಕಿಗೆ ಬೇರೆ ಉಪಯೋಗಗಳಿವೆ. ಚಂದಾದಾರರೊಂದಿಗೆ ಬರುವುದು ಮಾತ್ರ ಹೊಣೆ: ಮುಂಗಡ ಹಣ ಕಟ್ಟಿದವರಿಗೆ ಸೇವೆ ಕೊಡಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು, ಪ್ರತಿ ಹಾಡಿಗೂ ರಾಯಲ್ಟಿ ಕೊಡಬೇಕು.

ವರ್ಷದ ಚಂದಾ ಮುಂಗಡವಾಗಿ ಕಟ್ಟಿದವನು ಕಾನೂನಿನ ಕಣ್ಣಿನಲ್ಲಿ ಸಂಸ್ಥೆಗೆ ಸಾಲ ಕೊಟ್ಟವನೇ. ಸಿಗದ ಸೇವೆಗೆ ಕಟ್ಟಿದ ಹಣಕ್ಕೆ ಅಮೆರಿಕದ ಸಂಹಿತೆ ಒಂದು ಮಿತಿಯವರೆಗೆ ಸ್ವಲ್ಪ ಆದ್ಯತೆ ಕೊಡುತ್ತದಾದರೂ, ಅಡವು ಸಾಲ ಕೊಟ್ಟವರು, ದಿವಾಳಿ ಪ್ರಕ್ರಿಯೆಯ ವಕೀಲರು, ಲೆಕ್ಕಿಗರು ಮುಂದಿನ ಸಾಲಿನಲ್ಲಿರುತ್ತಾರೆ. ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ಚಂದಾದಾರ ಉಳಿದ ಆರು ತಿಂಗಳ ಹಣಕ್ಕಾಗಿ ಡೆಲವೇರ್‌ನಲ್ಲಿ ಅರ್ಜಿ ಹಾಕುವುದು ವ್ಯಾವಹಾರಿಕವಾಗಿ ಆಗದ ಮಾತು.

ನಿಂತದ್ದು ಸಂಗೀತ ಮಾತ್ರವಲ್ಲ. ಸಂಸ್ಥೆ ತನ್ನ ಪ್ರಸಾರ ಸಾಮರ್ಥ್ಯದ ಶೇ. 5ರಷ್ಟನ್ನು ಶಿಕ್ಷಣ, ಆರೋಗ್ಯಗಳಿಗಾಗಿ ಒಂದು ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟಿತ್ತು. 'ರಾನೆಟ್' ಎಂಬ ಯೋಜನೆ ಇದೇ ಉಪಗ್ರಹದ ಮೂಲಕ ಆಫ್ರಿಕದ ಹಳ್ಳಿಗಳಿಗೆ ಮಳೆ, ಹವೆಗಳ ಮಾಹಿತಿಯನ್ನು ಕಳುಹಿಸುತ್ತಿತ್ತು. 2004ರ ಸುನಾಮಿಯ ನಂತರ ಶ್ರೀಲಂಕಾದ ಲರ್ನ್‌ಏಷ್ಯಾ ಸಂಸ್ಥೆಯು ಸರ್ವೋದಯದೊಡನೆ 32 ಹಳ್ಳಿಗಳಲ್ಲಿ ನಡೆಸಿದ ಮುನ್ನೆಚ್ಚರಿಕೆಯ ಪ್ರಯೋಗದಲ್ಲಿ ಈ ರೇಡಿಯೊವನ್ನೂ ಪರೀಕ್ಷಿಸಲಾಗಿತ್ತು. ಗುರುತಿನ ಸಂಖ್ಯೆ ಇರುವುದರಿಂದ ಆಯ್ದ ಊರಿನ ಪೆಟ್ಟಿಗೆಗಳನ್ನಷ್ಟೇ ಎಚ್ಚರಿಸಬಹುದೆಂಬುದು ಅದರ ವಿಶೇಷ. ಚಂದಾ ವಸೂಲಿಗೆ ಬಳಸಿದ ಕೀಲಿಯನ್ನೇ ಪ್ರಾಣ ಉಳಿಸಲು ಬಳಸುವ ಜಾಣತನ! ಸಾರ್ವಜನಿಕ ಹಿತದ ಇಂಥ ಕೆಲಸಗಳಿಗೆ ದಿವಾಳಿ ನ್ಯಾಯಾಲಯದಲ್ಲಿ ಸಾಲಿಗರ ಪಟ್ಟಿಯಲ್ಲಿ ಸ್ಥಾನವಿಲ್ಲ. ಅವುಗಳಿಗೆ ಯಾರೂ ಹಣ ಬಾಕಿ ಇರಿಸಿಕೊಂಡಿರುವುದಿಲ್ಲ.

ಉಪಗ್ರಹಗಳು ಮಾತ್ರ ಮಾರಾಟವಾದವು. 2010ರಲ್ಲಿ ಯಾಜ್ಮಿ ಎಂಬ ಹೊಸ ಕಂಪನಿ ಅವನ್ನೂ ಸಂಬಂಧಿಸಿದ ಆಸ್ತಿಯನ್ನೂ 55 ಲಕ್ಷ ಡಾಲರ್‌ಗೆ ಕೊಂಡಿತು. ಅದರ ಮುಖ್ಯಸ್ಥರು ಬೇರೆ ಯಾರೂ ಅಲ್ಲ, ನೋವಾ ಸಮಾರ! ಉಪಗ್ರಹದ ಮೂಲಕ ಶಾಲೆಗಳಿಗೆ ಪಠ್ಯವಸ್ತು ಕಳುಹಿಸುವುದು ಹೊಸ ಕಂಪನಿಯ ಉದ್ದೇಶವಾಯಿತು. ಬಾಹ್ಯಾಕಾಶ ಉದ್ಯಮದಲ್ಲಿ ಇಂಥ ಅಗ್ಗದ ಮಾರಾಟ ಮೊದಲನೆಯದಲ್ಲ. 66 ಉಪಗ್ರಹಗಳ ಇರಿಡಿಯಂ ದೂರವಾಣಿ ಜಾಲ 1999ರ ಆಗಸ್ಟ್‌ನಲ್ಲಿ ದಿವಾಳಿಯಾಗಿ, ಕೇವಲ 2.5 ಕೋಟಿ ಡಾಲರ್‌ಗೆ ಕೈಬದಲಾಗಿ, ಸಾಲದ ಹೊರೆ ಇಳಿದ ಮೇಲೆ ಚೆನ್ನಾಗಿಯೇ ನಡೆಯಿತು. ಆದರೆ ದೂರವಾಣಿಯಲ್ಲಿ ಮಾತು ಗ್ರಾಹಕನದೇ; ಅದಕ್ಕೆ ಪರವಾನಗಿ ಬೇಕಿಲ್ಲ. ರೇಡಿಯೊಗೆ ಆ ಅನುಕೂಲವಿಲ್ಲ. ಜಪಾನಿನ 'ಮೊಬಾಹೊ' ಉಪಗ್ರಹ ಪ್ರಸಾರವೂ 2009ರ ಮಾರ್ಚ್‌ನಲ್ಲೇ ನಿಂತಿತ್ತು.

ಬೆಂಗಳೂರಿನಲ್ಲಿ ವರ್ಲ್ಡ್‌ಸ್ಪೇಸ್‌ನ ಕೆಲವು ಹಳೆಯ ಸಿಬ್ಬಂದಿ ಟಿಂಬರ್ ಮೀಡಿಯಾ ಎಂಬ ಸಂಸ್ಥೆ ಕಟ್ಟಿ ಧ್ವನಿ ವಾಹಿನಿಗಳ ಕೆಲಸವನ್ನು ಮುಂದುವರಿಸಿದರು. ಒಂದು ವಾಹಿನಿಯಲ್ಲಿ ಹರಾಜಿಗೆ ಸಿಗದ ಆಸ್ತಿಯೆಂದರೆ ಹೀಗೆ ಹಾಡು ಆರಿಸಿ ಜೋಡಿಸುವವರ ತಿಳಿವಳಿಕೆ.

ಭಾರತದ ಕಾನೂನು ಆನಂತರ ಎರಡು ಕಡೆ ಬದಲಾಯಿತು. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ 31ಡಿ ಎಂಬ ವಿಧಿ ಸೇರಿ, ಪ್ರಸಾರ ಸಂಸ್ಥೆಗಳು ಮುಂಚಿತವಾಗಿ ತಿಳಿಸಿ, ಗೊತ್ತುಪಡಿಸಿದ ರಾಯಲ್ಟಿ ಕಟ್ಟಿ ಪ್ರಕಟಿತ ಹಾಡುಗಳನ್ನು ಪ್ರಸಾರ ಮಾಡಲು ಅವಕಾಶ ಬಂತು. ಆದರೆ ಅಂತರಜಾಲದ ಸಂಗೀತ ಸೇವೆಗಳಿಗೆ ಇದು ಅನ್ವಯಿಸದೆಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಉಪಗ್ರಹ ಬಿಟ್ಟು ಅಂತರಜಾಲಕ್ಕೆ ಬಂದ ವಾಹಿನಿ ಆ ಅನುಕೂಲವನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ. 2016ರಲ್ಲಿ ಬಂದ ದಿವಾಳಿ ಸಂಹಿತೆಗೆ ಮುಂದೆ ಮಾಡಿದ ತಿದ್ದುಪಡಿಯ ಪ್ರಕಾರ, ಚಾಲ್ತಿ ಬಾಕಿ ಕಟ್ಟುತ್ತಿರುವವರೆಗೆ ಸರ್ಕಾರ ಕೊಟ್ಟ ಲೈಸೆನ್ಸನ್ನು ದಿವಾಳಿಯ ಕಾರಣಕ್ಕೆ ರದ್ದು ಮಾಡುವಂತಿಲ್ಲ. ಖಾಸಗಿಯವರು ಕೊಟ್ಟ ಹಾಡಿನ ಪರವಾನಗಿಯನ್ನು ಅದು ಹೆಸರಿಸುವುದಿಲ್ಲ.

ನಿಮ್ಮ ಶಾಲೆಯಲ್ಲೋ ಪರಿಚಿತರ ಮನೆಯಲ್ಲೋ ವರ್ಲ್ಡ್‌ಸ್ಪೇಸ್ ಪೆಟ್ಟಿಗೆ ಉಳಿದಿದ್ದರೆ ಎಸೆಯಬೇಡಿ. ಅದರ ಚಪ್ಪಟೆ ಆಂಟೆನಾವನ್ನು ಬಿಚ್ಚಿ, ಒಳಗಿನ ಲೋಹದ ಫಲಕದ ಅಳತೆ ತೆಗೆಯಿರಿ. ಅದು 20 ಸೆಂಟಿಮೀಟರ್ ತರಂಗದೂರದ ಅರ್ಧಕ್ಕಿಂತ ಚಿಕ್ಕದಾಗಿದ್ದರೆ, ಫಲಕದ ಕೆಳಗಿನ ನಿರೋಧಕ ಪದಾರ್ಥದಲ್ಲಿ ತರಂಗದ ವೇಗ ಎಷ್ಟು ಕಡಿಮೆಯಾಗಿರಬೇಕೆಂದು ವಿದ್ಯಾರ್ಥಿಗಳು ಅಳತೆಯಿಂದಲೇ ಕಂಡುಹಿಡಿಯಬಹುದು.